ಮಗುವಿನ ಉಸಿರಿಗೆ ದಾರಿ ಬೇಕು
(ಭಾಗಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ನಮ್ಮ ಸಭೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಇಂದು ನಾವು ಎಳೆಯ ಮಕ್ಕಳ ಉಸಿರಿನ ವಿಷಯ ಎತ್ತಿಕೊಂಡಿದ್ದೇವೆ. ಇದು ಪಕ್ಷದ ಕೆಲಸವೇ ಎಂದು ಕೇಳುವವರಿರಬಹುದು. ಪೂರ್ತಿ ಕೇಳಿ, ಆಮೇಲೆ ನೀವೇ ತೀರ್ಮಾನಿಸಿ.

ಹಸುಗೂಸಿನ ಧ್ವನಿಪೆಟ್ಟಿಗೆಯ ಕೆಳಗೆ ಗಾಳಿಯ ದಾರಿ ಸುಮಾರು ೪-೫ ಮಿಲಿಮೀಟರು ಅಗಲ. ೪ ಎಂದೇ ಹಿಡಿಯೋಣ. ಒಳಗೋಡೆ ಸುತ್ತಲೂ ಒಂದೇ ಮಿಲಿಮೀಟರು ಊದಿದರೆ ಉಳಿಯುವುದು ೨. ಅರ್ಧ ಉಳಿಯಿತಲ್ಲ ಎನ್ನಬೇಡಿ. ಗಾಳಿ ಹೋಗುವ ಜಾಗ ಕಾಲುಭಾಗಕ್ಕೆ ಇಳಿಯಿತು. ಗಾಳಿಗೆ ತಡೆ ೧೬ ಪಟ್ಟು ಏರಿತು. ಅಷ್ಟೇ ಊತ ದೊಡ್ಡವರಿಗೆ ಬಂದರೆ ಸ್ವರ ಒಡೆದೀತು. ಮಗುವಿಗೆ ಬಂದರೆ ಪ್ರಾಣಕ್ಕೇ ಸಂಚಕಾರ.

ಗುರುತಿಸುವುದು ಹೇಗೆ? ಕಿವಿಗೊಟ್ಟು ಕೇಳಿ. ಉಬ್ಬಸದ ಸುಯ್ಯೆನ್ನುವ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ ಬರುತ್ತದೆ. ಗಂಟಲ ಬಳಿ ದಾರಿ ಕಿರಿದಾಗಿದ್ದರೆ ಉಸಿರು ಎಳೆಯುವಾಗ ಕರ್ಕಶ ಸದ್ದು ಬರುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ತಿಂಗಳುಗಟ್ಟಲೆ ಕೆಮ್ಮಿನ ಔಷಧಿ ಕುಡಿಸಿದರೆ ಹಣವೂ ಹೋಯಿತು, ಕಾಲವೂ ಹೋಯಿತು.

ಕಾರಣಗಳು ಹಲವು. ರಾತ್ರಿ ಇದ್ದಕ್ಕಿದ್ದಂತೆ ನಾಯಿ ಬೊಗಳಿದಂಥ ಕೆಮ್ಮು ಬಂದರೆ ಅದು ಹೆಚ್ಚಾಗಿ ವೈರಸ್ಸಿನ ಊತ. ವೈದ್ಯರು ಕೊಡುವ ಒಂದೇ ಡೋಸು ಡೆಕ್ಸಾಮೆಥಾಸೋನ್ ಬಹುತೇಕ ಮಕ್ಕಳಿಗೆ ಸಾಕಾಗುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಶುರುವಾಗಿ, ಅಂಗಾತ ಮಲಗಿಸಿದಾಗ ಹೆಚ್ಚುವ ಸದ್ದು ಅನೇಕ ವೇಳೆ ಧ್ವನಿಪೆಟ್ಟಿಗೆಯ ಮೆದುತನ. ಹೆಚ್ಚಿನ ಮಕ್ಕಳಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಗಂಟಲಮಾರಿಗೆ ಲಸಿಕೆಯುಂಟು, ತಪ್ಪಿಸಬೇಡಿ. ಇನ್ನೊಂದು ಬಗೆಯಿದೆ: ದಿನ ತುಂಬದೆ ಹುಟ್ಟಿದ ಕೂಸಿನ ಜೀವ ಉಳಿಸಲು ಗಂಟಲಿಗೆ ಕೊಳವೆ ಇಳಿಸುತ್ತಾರೆ. ಅದು ಬಹಳ ದಿನ ಇದ್ದರೆ, ಅಥವಾ ಅಳತೆಗೆ ದೊಡ್ಡದಾದರೆ, ಒಳಗೆ ಗಾಯವಾಗಿ, ಮಾದು ಗಟ್ಟಿಯಾದ ಮೇಲೆ ದಾರಿ ಮುಚ್ಚುತ್ತಾ ಬರುತ್ತದೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಎದೆಗೂಡು ಒಳಕ್ಕೆ ಎಳೆಯುತ್ತಿದ್ದರೆ, ಸುಮ್ಮನಿರುವಾಗಲೂ ಸದ್ದಿದ್ದರೆ, ಜೊಲ್ಲು ನುಂಗಲಾಗದಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ. ೧೦೮ಕ್ಕೆ ಕರೆ ಮಾಡಿ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ, ಅಳಿಸಬೇಡಿ, ಬಲವಂತವಾಗಿ ಮಲಗಿಸಬೇಡಿ, ಗಂಟಲೊಳಗೆ ಬೆರಳು ಹಾಕಬೇಡಿ.

ಸದ್ದು ಹೋಗದೆ ಉಳಿದರೆ ಒಳಗೆ ನೋಡಲೇಬೇಕು. ಎಕ್ಸ್‌ರೇ ಒಂದಿಷ್ಟು ಹೇಳೀತು. ನಿಜ ತಿಳಿಯುವುದು ದೀಪವಿರುವ ಸಣ್ಣ ದುರ್ಬೀನು ಕೊಳವೆ ಇಳಿಸಿ ನೋಡಿದಾಗ. ಅರ್ಧದವರೆಗೆ ಮುಚ್ಚಿದ್ದರೆ ಮೊದಲ ದರ್ಜೆ, ಪೂರ್ತಿ ಮುಚ್ಚಿದ್ದರೆ ನಾಲ್ಕನೆಯದು. ಅಲ್ಪಸ್ವಲ್ಪ ಇದ್ದರೆ ಕಾದು ನೋಡುತ್ತಾರೆ, ಇಲ್ಲವೇ ಬಲೂನು ಉಬ್ಬಿಸಿ ದಾರಿ ಹಿಗ್ಗಿಸುತ್ತಾರೆ. ಹೆಚ್ಚಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡುತ್ತಾರೆ; ಪಕ್ಕೆಲುಬಿನ ಮೃದುವಾದ ಎಲುಬಿನ ತುಂಡು ತೆಗೆದು ನಾಳವನ್ನು ಅಗಲಿಸುವ ಶಸ್ತ್ರಚಿಕಿತ್ಸೆಯೂ ಇದೆ. ಕತ್ತಿಗೆ ಕೊಳವೆ ಹಾಕಿದ ಮಗುವನ್ನು ಮನೆಗೆ ಕಳಿಸುವ ಮುನ್ನ ಕೊಳವೆಯ ಕಫ ತೆಗೆಯುವುದನ್ನೂ ಕೊಳವೆ ಬದಲಿಸುವುದನ್ನೂ ಮನೆಯವರಿಗೆ ಕಲಿಸಲೇಬೇಕು. ಅದು ಕಟ್ಟಿಕೊಂಡರೆ ನಿಮಿಷಗಳಲ್ಲಿ ಅಪಾಯ.

ಈಗ ನಮ್ಮ ಪ್ರಶ್ನೆ. ಇಲ್ಲಿಂದ ಮಡಿಕೇರಿ ಸುಮಾರು ೪೦ ಕಿಲೋಮೀಟರು. ಅಲ್ಲಿಂದ ಮೈಸೂರು ಇನ್ನೂ ಸುಮಾರು ೧೨೦. ಕಾವೇರಿ, ಕನ್ನಿಕೆ ಉಕ್ಕಿ ಸಂಗಮದ ರಸ್ತೆ ಮುಳುಗಿದ್ದನ್ನು ಕಂಡಿದ್ದೇವೆ. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನೂ ಕಂಡಿದ್ದೇವೆ. ಲೈನ್ ಮನೆಯ ಕೂಲಿಕಾರ ಮಗುವನ್ನೆತ್ತಿಕೊಂಡು ಊರೂರು ಅಲೆದರೆ ಅಷ್ಟೂ ದಿನದ ಕೂಲಿ ಹೋಯಿತು. ಸಣ್ಣ ಅಂಗಡಿಯವನು ಬಾಗಿಲು ಹಾಕಿದರೆ ಗಿರಾಕಿಯೂ ಹೋದ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಕಾರ್ಡು ಮಾಡಿಸಿಕೊಳ್ಳಿ. ಆದರೆ ಕಾರ್ಡು ತಾನೇ ಗಂಟಲೊಳಗೆ ಇಣುಕಿ ನೋಡುವುದಿಲ್ಲ; ಅದಕ್ಕೆ ಉಪಕರಣ ಬೇಕು, ಪಳಗಿದ ಕೈ ಬೇಕು.

ಮಡಿಕೇರಿಯಲ್ಲಿ ೨೦೧೬ರಿಂದ ಸರ್ಕಾರದ ವೈದ್ಯಕೀಯ ಕಾಲೇಜೇ ಇದೆ. ನಮ್ಮ ಬೇಡಿಕೆ ಮೂರು: ಹಸುಗೂಸಿನ ಗಂಟಲು ನೋಡುವ ಏರ್ಪಾಡು ಅಲ್ಲಿ ಹಗಲೂ ರಾತ್ರಿ ಇರಬೇಕು, ೧೦೮ರ ಗಾಡಿಯಲ್ಲಿ ಮಕ್ಕಳ ಅಳತೆಯ ಕೊಳವೆಗಳಿರಬೇಕು, ಮಗುವನ್ನು ದೊಡ್ಡ ಆಸ್ಪತ್ರೆಗೆ ಕಳಿಸುವವರು ಅಲ್ಲಿ ಹಾಸಿಗೆ ಇದೆಯೆಂದು ಖಚಿತ ಮಾಡಿಕೊಂಡೇ ಕಳಿಸಬೇಕು.

ಮನವಿಯ ಹಾಳೆ ಈ ಮೇಜಿನ ಮೇಲಿದೆ. ಸಹಿ ಬರುವವರು ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ.