ಸಂದರ್ಶನಕ್ಕೆ ಹೊರಡುವ ಮುನ್ನ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರಾದ ನಾವು ಎಂಬೆಡೆಡ್ ಸಾಫ್ಟ್‌ವೇರ್ ಉದ್ಯೋಗದ ಸಂದರ್ಶನವನ್ನು ಕುರಿತು ಮಾತನಾಡಹೊರಟಿರುವುದು ತಮಗೆ ವಿಚಿತ್ರವಾಗಿ ತೋರಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡುತ್ತೇವೆ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಇಂಜಿನಿಯರಿಂಗ್ ಪದವಿ ಪಡೆದ ಶಿಷ್ಯನೊಬ್ಬನು ಹೊಸೂರಿನಿಂದ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಮರಳಿದನು. “ಮೇಷ್ಟ್ರೇ, ಉತ್ತರ ಗೊತ್ತಿತ್ತು. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಮರೆತುಹೋಯಿತು, ಮುಂದೆ ಮಾತೇ ಹೊರಡಲಿಲ್ಲ” ಎಂದನು. ಅವನ ತಂದೆಯವರು ಕಿರಿಯ ಮಗಳನ್ನು ನಮ್ಮ ಶಾಲೆಯಿಂದ ಬಿಡಿಸುವ ಮಾತನ್ನೆತ್ತಿದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಗೈಡಿನ ಸಾರಾಂಶವನ್ನು ಅಕ್ಷರ ತಪ್ಪದೆ ಒಪ್ಪಿಸಿದವನಿಗೆ ಹೆಚ್ಚು ಅಂಕಗಳನ್ನು ಕೊಟ್ಟವರು ನಾವೇ ಅಲ್ಲವೆ?

ಮರುವಾರದಿಂದ ಪ್ರತಿ ಭಾನುವಾರ ಅವನು ಹೇಳುವುದು, ನಾವು ಕೇಳುವುದು ಎಂದು ಗೊತ್ತುಮಾಡಿದೆವು. ನಿಬಂಧನೆ ಒಂದೇ: ಮೊದಲು ಕನ್ನಡದಲ್ಲಿ, ನಮಗೆ ತಿಳಿಯುವಂತೆ ಹೇಳಬೇಕು.

ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ಸ್ಕೂಟರು ಇವುಗಳ ಒಡಲಿನಲ್ಲಿ ಅಡಗಿ ಕುಳಿತ ಪುಟ್ಟ ಗಣಕಕ್ಕೆ ಆಜ್ಞೆಗಳನ್ನು ಬರೆಯುವುದೇ ಈ ವಿದ್ಯೆ. ನಮ್ಮ ಊರಿನಲ್ಲಿ ತಯಾರಾಗುವ ಕೈಗಡಿಯಾರವನ್ನೇ ನೋಡಿರಿ. ಅಂತಹ ಗಡಿಯಾರದ ಸ್ಫಟಿಕವು ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಅದೇ ಸಂಖ್ಯೆ ಏಕೆ? ಅದನ್ನು 15 ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ. ಸಂದರ್ಶಕರು ಕೆದಕುವುದು ಈ ‘ಏಕೆ’ಯನ್ನೇ.

‘ವೊಲಟೈಲ್’ ಎಂದರೇನೆಂಬುದು ಅಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ. ಒಲೆಯ ಮೇಲಿನ ಹಾಲನ್ನು ಒಮ್ಮೆ ನೋಡಿ, “ಇನ್ನೂ ಉಕ್ಕಿಲ್ಲ” ಎಂದು ಅದೇ ಮಾತನ್ನು ಹೇಳುತ್ತ ಕುಳಿತವನ ಗತಿಯೇನು? ಸಿ ಭಾಷೆಯ ಕಂಪೈಲರ್ ಕೂಡ ತನ್ನ ಕಣ್ಣೆದುರಿನ ಆಜ್ಞೆಗಳು ಬದಲಿಸದ ಬೆಲೆಯನ್ನು ಮತ್ತೆ ನೋಡದೆ ಬಿಡಬಹುದು. ಹೊರಗಿನ ಕಾರಣದಿಂದ ಇದು ಬದಲಾದೀತು, ಪ್ರತಿಸಲವೂ ನೋಡು ಎಂದು ಎಚ್ಚರಿಸುವುದೇ ಆ ಪದ. ಇನ್ನು ‘ಇಂಟರಪ್ಟ್’ ಎಂದರೆ ಅಡುಗೆಯ ನಡುವೆ ಬಾಗಿಲು ಬಡಿದಂತೆ. ಹೋಗಿ ಎರಡು ಮಾತನಾಡಿ, ಬಿಟ್ಟಲ್ಲಿಂದಲೇ ಕೆಲಸವನ್ನು ಮುಂದುವರಿಸಬೇಕು; ಬಾಗಿಲಲ್ಲೇ ಹರಟೆಗೆ ನಿಂತರೆ ಒಗ್ಗರಣೆ ಸೀದುಹೋಗುತ್ತದೆ. ತಾಯಂದಿರೇ, ಇದರಲ್ಲಿ ತಮಗೆ ತಿಳಿಯದುದು ಏನಿದೆ?

ಹೀಗೆ ತಿಳಿದ ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಸಿದೆವು. ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಅದು ಬೇಕೇ ಬೇಕು. ಆದರೆ ಅರ್ಥ ಮೊದಲು, ಮಾತು ಆಮೇಲೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಸಲ್ಲದು. 1978ರಲ್ಲಿ ಮೊದಲು ಅಚ್ಚಾದ ಕರ್ನಿಗನ್ ಮತ್ತು ರಿಚಿಯವರ ಸಿ ಭಾಷೆಯ ಪುಸ್ತಕದ ಎರಡನೆಯ ಆವೃತ್ತಿಯನ್ನು ಅಭ್ಯಾಸಗಳೊಡನೆ ಓದಿರಿ. ಪಾಯಿಂಟರ್‌ಗಳನ್ನು ಚಿತ್ರ ಬರೆದು ತಿಳಿಯಿರಿ. ಕೆಲವು ನೂರು ರೂಪಾಯಿಗಳ ಮೈಕ್ರೋಕಂಟ್ರೋಲರ್ ಬೋರ್ಡೊಂದಕ್ಕೆ ಗುಂಡಿಯನ್ನು ಜೋಡಿಸಿ, ಒತ್ತಿದ್ದನ್ನು ಎಣಿಸಿರಿ. ಒಮ್ಮೆ ಒತ್ತಿದರೂ ಲೆಕ್ಕ ನಾಲ್ಕೈದಾಗಬಹುದು. ಒಳಗಿನ ಲೋಹದ ತುಂಡುಗಳು ಕೂಡುವಾಗ ಪುಟಿಯುವುದೇ ಇದಕ್ಕೆ ಕಾರಣ. ಆ ತೊಡಕನ್ನು ತಾನೇ ಕಂಡು ತಾನೇ ಬಿಡಿಸಿದವನಿಗೆ ಸಂದರ್ಶನದಲ್ಲಿ ಮಾತಿನ ಬಡತನವಿಲ್ಲ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿ, ಹೇಗೆ ತಿಳಿದುಕೊಳ್ಳುವಿರೆಂಬುದನ್ನು ವಿವರಿಸಿರಿ.

ನಮ್ಮ ಶಿಷ್ಯನು ಎರಡನೆಯ ಸಂದರ್ಶನದಲ್ಲಿ ಕಾಗದವನ್ನು ಕೇಳಿ ಪಡೆದು, ಚಿತ್ರ ಬರೆದು, ಮುಕ್ಕಾಲು ಗಂಟೆ ಮಾತನಾಡಿದನಂತೆ. ಕೆಲಸ ಅಲ್ಲಿಯೂ ಸಿಕ್ಕಲಿಲ್ಲ. ಎಲ್ಲಿ ಕೊರತೆಯಾಯಿತೆಂಬುದು ಮಾತ್ರ ಈ ಸಲ ಅವನಿಗೆ ಸ್ಪಷ್ಟವಾಗಿದೆ. ಅದನ್ನೇ ಈಗ ಓದುತ್ತಿದ್ದಾನೆ. ಅವನ ತಂಗಿ ನಮ್ಮ ಶಾಲೆಯಲ್ಲಿಯೇ ಇದ್ದಾಳೆ. ಭಾನುವಾರದ ಪಾಠಕ್ಕೆ ಅವಳೂ ಬಂದು ಕುಳಿತುಕೊಳ್ಳುತ್ತಾಳೆ.

ಪೋಷಕರೇ, ಮಕ್ಕಳು ಕಲಿತುದನ್ನು ಮನೆಯಲ್ಲಿ ಹೇಳಿಸಿ ಕೇಳಿರಿ.