ಸಂಖ್ಯೆಯಾಗಿ ಬೆಳೆದ ಮಕ್ಕಳು

ಅತಿಮಾನುಷ ಶಕ್ತಿಯ ವೀರರ ಕಥೆಗಳೆಂದರೆ ನನಗೆ ಬಹುಕಾಲ ಉದಾಸೀನವೇ ಇತ್ತು. ಮಗಳ ಒತ್ತಾಯಕ್ಕೆ ಮಣಿದು ‘ದಿ ಅಂಬ್ರೆಲ್ಲಾ ಅಕಾಡೆಮಿ’ ಎಂಬ ಅಮೆರಿಕದ ಧಾರಾವಾಹಿಯನ್ನು ನೋಡಲು ಕುಳಿತಾಗ, ಒಂದು ಕಂತು ಮುಗಿಯುವುದರೊಳಗೆ ಎದ್ದುಹೋಗುವೆನೆಂದೇ ಎಣಿಸಿದ್ದೆ. ಏಳಲಿಲ್ಲ. ಏಕೆಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಗಾಯಕ ಜೆರಾರ್ಡ್ ವೇ ಬರೆದು, ಬ್ರೆಜಿಲಿನ ಗಾಬ್ರಿಯೆಲ್ ಬಾ ಚಿತ್ರ ರಚಿಸಿದ, 2007ರಲ್ಲಿ ಹೊರಬರತೊಡಗಿದ ಚಿತ್ರಕಥೆಗಳು ಇದಕ್ಕೆ ಮೂಲ. ನೆಟ್‌ಫ್ಲಿಕ್ಸ್ ಸಂಸ್ಥೆ ಇದನ್ನು 2019ರಿಂದ 2024ರವರೆಗೆ ನಾಲ್ಕು ಭಾಗಗಳಲ್ಲಿ ತೋರಿಸಿತು. 1989ರ ಅಕ್ಟೋಬರ್ 1ರಂದು, ಬೆಳಗ್ಗೆ ಗರ್ಭದ ಸುಳಿವೇ ಇಲ್ಲದಿದ್ದ 43 ಮಂದಿ ಸ್ತ್ರೀಯರು ಮಕ್ಕಳನ್ನು ಹಡೆಯುತ್ತಾರೆ. ರೆಜಿನಾಲ್ಡ್ ಹಾರ್ಗ್ರೀವ್ಸ್ ಎಂಬ ಧನಿಕ ಅವರಲ್ಲಿ ಏಳು ಮಕ್ಕಳನ್ನು ಕೊಂಡುತಂದು, ಲೋಕರಕ್ಷಣೆಗೆಂದು ಪಳಗಿಸುತ್ತಾನೆ. ಆತ ಸತ್ತಾಗ, ದಿಕ್ಕಿಗೊಬ್ಬರಾಗಿ ಚದುರಿದ್ದ ಮಕ್ಕಳು ಮನೆಗೆ ಮರಳುವುದೇ ಕಥೆಯ ಆರಂಭ.

ವಸ್ತು ಹೊಸದೆ? ಅಷ್ಟೇನೂ ಅಲ್ಲ. 1963ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಆರಂಭಿಸಿದ ‘ಎಕ್ಸ್-ಮೆನ್’ ಕಥೆಗಳಲ್ಲಿಯೇ ವಿಚಿತ್ರ ಶಕ್ತಿಯ ಎಳೆಯರೂ ಅವರನ್ನು ತಿದ್ದುವ ಹಿರಿಯನೂ ಇದ್ದರು. ಹಳೆಯ ವಸ್ತು ರಸದ ಹಿಡಿತಕ್ಕೆ ಸಿಕ್ಕಾಗ ಹೊಸದಾಗಿ ತೋರುವುದೆಂಬುದನ್ನು ಆನಂದವರ್ಧನನನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆ ರಸ ಹುಟ್ಟಿದ್ದು ಮನೆಯೊಳಗೆ.

ತಂದೆ ಮಕ್ಕಳಿಗೆ ಹೆಸರಿಡಲಿಲ್ಲ. ಒಂದರಿಂದ ಏಳರವರೆಗೆ ಸಂಖ್ಯೆ ಕೊಟ್ಟ. ಹೆಸರಿಟ್ಟವಳು ತಾಯಿಯ ಸ್ಥಾನದಲ್ಲಿದ್ದ ಯಂತ್ರಮಾನವಿ ಗ್ರೇಸ್! ಐದನೆಯವನಿಗಂತೂ ಕೊನೆಯವರೆಗೆ ‘ಐದು’ ಎಂಬುದೇ ಹೆಸರು. ಮೂರು ದಶಕ ಹಾಜರಿಪುಸ್ತಕ ಹಿಡಿದು ಸಂಖ್ಯೆ ಕೂಗಿದ ನನಗೆ ಇದು ಚುಚ್ಚಿತು. ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬ ಪೇಟೆಯಲ್ಲಿ ಕೈಮುಗಿದಾಗ ಹೆಸರು ಹೊಳೆಯದೆ, ‘ನಲವತ್ತೇಳು ಅಲ್ಲವೇನಯ್ಯಾ?’ ಎಂದುಬಿಟ್ಟೆ. ಆತ ನಕ್ಕ, ನನಗೆ ನಗು ಬರಲಿಲ್ಲ.

ಮೊದಲನೆಯ ಮಗ ಲೂಥರ್ ಅತ್ಯಂತ ವಿಧೇಯ. ತಂದೆ ಅವನನ್ನು ಚಂದ್ರನ ಮೇಲಕ್ಕೆ ಕಳುಹಿಸುತ್ತಾನೆ. ನಾಲ್ಕು ವರ್ಷ ಒಂಟಿಯಾಗಿದ್ದು, ಅವನು ಶ್ರದ್ಧೆಯಿಂದ ವರದಿಗಳನ್ನೂ ಮಾದರಿಗಳನ್ನೂ ಕಳುಹಿಸುತ್ತಲೇ ಇರುತ್ತಾನೆ. ತಂದೆ ಸತ್ತ ಮೇಲೆ ಆ ಪೊಟ್ಟಣಗಳೆಲ್ಲ ಮನೆಯಲ್ಲಿಯೇ ಸಿಗುತ್ತವೆ. ಒಂದನ್ನೂ ಒಡೆದಿರುವುದಿಲ್ಲ. ಬೆಟ್ಟ ಎತ್ತಬಲ್ಲಂಥ ಆ ದೇಹ ಆ ಕ್ಷಣ ಕುಸಿಯುವುದನ್ನು ನೋಡಬೇಕು.

ಏಳನೆಯ ಮಗುವಿನ ಕಥೆ ಇನ್ನೂ ಕ್ರೂರವಾದುದು. ಮೊದಲೆರಡು ಭಾಗಗಳಲ್ಲಿ ವಾನ್ಯಾ ಎಂದೂ, ಪಾತ್ರಧಾರಿ ಎಲಿಯಟ್ ಪೇಜ್ ತಮ್ಮ ಲಿಂಗತ್ವವನ್ನು ಬಹಿರಂಗಪಡಿಸಿದ ಮೇಲೆ, ಮೂರನೆಯ ಭಾಗದಿಂದ ವಿಕ್ಟರ್ ಎಂದೂ ಇದರ ಹೆಸರು. ನಾದವನ್ನು ಬಲವಾಗಿ ಮಾರ್ಪಡಿಸುವ ಶಕ್ತಿ ಈ ಮಗುವಿನದು. ಅದಕ್ಕೆ ಹೆದರಿದ ತಂದೆ ಗುಳಿಗೆ ನುಂಗಿಸುತ್ತಾನೆ. ಆಡಿದ್ದನ್ನು ನಿಜಮಾಡಬಲ್ಲ ಅಲಿಸನ್‌ಳಿಂದ ‘ನೀನು ಸಾಮಾನ್ಯಳು’ ಎಂದು ನಂಬಿಸುತ್ತಾನೆ. ಹೀಗೆ ಮನೆಯಲ್ಲಿಯೇ ಹೊರಗಿನವಳಾಗಿ ಪಿಟೀಲು ಹಿಡಿದು ಬೆಳೆದ ಜೀವವೇ ಮೊದಲ ಭಾಗದ ಕೊನೆಯಲ್ಲಿ ಪ್ರಳಯಕ್ಕೆ ಕಾರಣವಾಗುತ್ತದೆ. ಲೋಕವನ್ನು ಉಳಿಸಲೆಂದು ಕಟ್ಟಿದ ಮನೆಯೇ ಲೋಕವನ್ನು ಕೆಡವಿತು. ಈ ಧಾರಾವಾಹಿಯ ಸ್ವೋಪಜ್ಞತೆ ಇರುವುದು ಇಲ್ಲಿ.

ಮುಂದಿನ ಭಾಗಗಳಲ್ಲಿಯೂ ಪ್ರಳಯ ಮತ್ತೆಮತ್ತೆ ಬರುತ್ತದೆ. ಮೂರನೆಯ ಸಲ ಬಂದ ಪ್ರಳಯಕ್ಕೆ ಯಾರು ತಾನೆ ಬೆದರುತ್ತಾರೆ? ಕೇವಲ ಆರು ಕಂತುಗಳ ನಾಲ್ಕನೆಯ ಭಾಗವನ್ನು ನಾನು ಬರಿಯ ಕರ್ತವ್ಯವೆಂದು ಮುಗಿಸಿದೆ.

ಮೊದಲ ಕಂತನ್ನು ಮಾತ್ರ ಇನ್ನೊಮ್ಮೆ ನೋಡಿದೆ. ಹಳೆಯ ಮನೆಯಲ್ಲಿ ಒಬ್ಬ ಹಾಡಿನ ತಟ್ಟೆ ಹಚ್ಚುತ್ತಾನೆ. ಒಬ್ಬರನ್ನೊಬ್ಬರು ಮಾತನಾಡಿಸಲಾರದ ಒಡಹುಟ್ಟಿದವರು ತಂತಮ್ಮ ಕೋಣೆಗಳಲ್ಲಿ, ಬೇರೆಬೇರೆಯಾಗಿ, ಅದೊಂದೇ ಹಾಡಿಗೆ ಕುಣಿಯುತ್ತಾರೆ. ಕ್ಯಾಮೆರಾ ಹಿಂದೆ ಸರಿದಂತೆ ಗೋಡೆ ಮರೆಯಾಗಿ, ಬೊಂಬೆಮನೆಯಂತೆ ಎಲ್ಲ ಕೋಣೆಗಳೂ ಒಟ್ಟಿಗೆ ಕಾಣುತ್ತವೆ. ಪಕ್ಕದ ಕೋಣೆಯವರೂ ಕುಣಿಯುತ್ತಿದ್ದಾರೆಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ.