ಬಿಸಿನೀರಿನಲ್ಲಿ ಅದ್ದಿದ ಕೈಗಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳಿಗೆ ಬಹುಮಾನ ಹಂಚುವ ಸಭೆಯಲ್ಲಿ ಕೆಲಸದ ಜಾಗದ ಸುರಕ್ಷತೆಯ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತ್ತು. ಆದರೆ ಕಾರ್ಯದರ್ಶಿಯವರು, "ಶಿಕ್ಷಣದ ಮಹತ್ವದ ಬಗ್ಗೆ ಪ್ರತಿ ವರ್ಷ ಯಾರಾದರೂ ಮಾತಾಡುತ್ತಾರೆ, ನೀವು ನಿಮಗೆ ಗೊತ್ತಿರುವ ಕೆಲಸದ ಬಗ್ಗೆ ಹೇಳಿ" ಎಂದರು. ನನಗೆ ಗೊತ್ತಿರುವುದು ಎರಡೇ. ಒಂದು, ಹುಟ್ಟಿ ಬೆಳೆದ ಮನೆಯ ಹಿಂದಿನ ರೇಷ್ಮೆ ಚರಕ. ಇನ್ನೊಂದು, ಇಪ್ಪತ್ತಾರು ವರ್ಷ ಬೆಂಗಳೂರಿನ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಮಾಡಿದ ಕೆಲಸ. ಇವೆರಡೂ ಒಂದೇ ವಿಷಯ ಎಂದು ನನಗೆ ತಿಳಿಯಲು ಬಹಳ ವರ್ಷಗಳು ಬೇಕಾದವು.

ಈಗ ತಾನೇ ಬಹುಮಾನ ಪಡೆದ ಮಕ್ಕಳ ಹೆಸರು ಕೂಗುವಾಗ ನಾನು ಅವರ ತಂದೆ ತಾಯಿಯರನ್ನು ನೋಡುತ್ತಿದ್ದೆ. ಚಪ್ಪಾಳೆ ತಟ್ಟಿದ ಕೈಗಳಲ್ಲಿ ಎಷ್ಟೋ ಕೈಗಳ ಬೆರಳ ತುದಿ ಬಿಳಿಚಿಕೊಂಡು ಸೀಳಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಈ ಮಕ್ಕಳ ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲವೂ ಬಂದದ್ದು ಆ ಕೈಗಳಿಂದ.

ನಮ್ಮ ಅಬ್ಬಾ ನಾಲ್ಕು ಚರಕ ಇಟ್ಟಿದ್ದರು. ಬೆಳಗಿನ ಜಾವ ಒಲೆ ಹೊತ್ತಿಸಿದರೆ ಸಂಜೆಯವರೆಗೂ ಹೊಗೆ. ರೇಷ್ಮೆ ಗೂಡನ್ನು ಕುದಿಯುವ ಹಾಗಿರುವ ನೀರಿಗೆ ಹಾಕಿದಾಗ ಅದರ ಸೆರಿಸಿನ್ ಎಂಬ ಅಂಟು ಸಡಿಲವಾಗುತ್ತದೆ, ಎಳೆಯ ತುದಿ ಸಿಗುತ್ತದೆ. ಆ ತುದಿಯನ್ನು ಹುಡುಕಿ, ಏಳೆಂಟು ಗೂಡುಗಳ ಎಳೆ ಸೇರಿಸಿ, ರಾಟೆಗೆ ಕೊಡಬೇಕು. ಎಳೆ ತುಂಡಾದಾಗಲೆಲ್ಲ ಮತ್ತೆ ಬೆರಳು ನೀರಿಗೆ. ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸನ್ನು ನಾವೆಲ್ಲ ಖಾಲಾ ಎಂದೇ ಕರೆಯುತ್ತಿದ್ದೆವು. ನಾನು ಹುಟ್ಟುವ ಮೊದಲಿನಿಂದ ಆಕೆ ಆ ಒಲೆಯ ಮುಂದೆ ಕುಳಿತವರು. ಸಂಜೆ ಅಮ್ಮಿ ಅವರ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳುಹಿಸುತ್ತಿದ್ದರು. ನಮ್ಮ ಮನೆಯಲ್ಲಿ ಕಾರ್ಮಿಕರ ಆರೋಗ್ಯಕ್ಕೆಂದು ನಡೆದ ಕೆಲಸ ಅಷ್ಟೇ.

ಖಾಲಾಗೆ ಕೆಮ್ಮು ಇತ್ತು. ಈದ್‌ಗೆ ಊರಿಗೆ ಹೋಗಿ ಎಂಟು ದಿನ ಇದ್ದು ಬಂದರೆ ಕೆಮ್ಮು ಕಡಿಮೆಯಾಗಿರುತ್ತಿತ್ತು. ಬಂದು ಎರಡು ದಿನ ಒಲೆಯ ಮುಂದೆ ಕುಳಿತರೆ ಮತ್ತೆ ಎದೆ ಕಟ್ಟಿಕೊಳ್ಳುತ್ತಿತ್ತು. "ಊರಿನ ಗಾಳಿ ಒಳ್ಳೆಯದು" ಎಂದು ಎಲ್ಲರೂ ಹೇಳುತ್ತಿದ್ದೆವು. ತೋರಿಸಿದ ವೈದ್ಯರು ವಯಸ್ಸು ಕೇಳಿದರು, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿದರು. ಏನು ಕೆಲಸ ಮಾಡುತ್ತೀಯಮ್ಮ ಎಂದು ಕೇಳಲಿಲ್ಲ. ಹೇಳಬೇಕು ಎಂದು ನಮಗೂ ಹೊಳೆಯಲಿಲ್ಲ.

ಮುಂದೆ ನಾನು ಸುರಕ್ಷತೆಯ ಕೋರ್ಸ್ ಓದುವಾಗ ಒಂದು ತರಗತಿಯಲ್ಲಿ ಅಧ್ಯಾಪಕರು, "ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಬಂದಾಗ ಹೆಚ್ಚಾಗುವ ಉಸಿರಾಟದ ತೊಂದರೆ ಕಂಡರೆ ಮೊದಲು ಕೆಲಸದ ಜಾಗವನ್ನು ಅನುಮಾನಿಸಿ" ಎಂದರು. ನಾನು ಬರೆಯುವುದನ್ನು ನಿಲ್ಲಿಸಿದೆ. ರೇಷ್ಮೆಯ ಅಂಟು, ಹುಳದ ಪುಡಿ, ಆವಿಯ ಜೊತೆ ಏಳುವ ಕಣ, ಇವೆಲ್ಲ ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಫಿಲೇಚರ್ ಕಾರ್ಮಿಕರ ಆಸ್ತಮಾ ಬಗ್ಗೆ ನಮ್ಮ ದೇಶದ ಸಂಶೋಧಕರು 1985ರಲ್ಲೇ ಪ್ರಬಂಧ ಪ್ರಕಟಿಸಿದ್ದರು. ಏಷ್ಯಾದಲ್ಲೇ ದೊಡ್ಡ ಗೂಡು ಮಾರುಕಟ್ಟೆ ನಮ್ಮ ರಾಮನಗರದಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮಗೆ ಆ ಮಾತು ತಲುಪಲಿಲ್ಲ. ಅರಿವು ಮೂಡಿಸುವುದು ಎಂದರೆ ನನ್ನ ಲೆಕ್ಕದಲ್ಲಿ ಇದೇ. ಎಲ್ಲೋ ಯಾರಿಗೋ ಗೊತ್ತಿರುವುದನ್ನು ಒಲೆಯ ಮುಂದೆ ಕುಳಿತವರಿಗೆ ತಲುಪಿಸುವುದು.

ಹಾಗಾದರೆ ಏನು ಮಾಡಬೇಕಿತ್ತು? ಕೈಗವಸು ಕೊಡಬೇಕಿತ್ತು ಎಂದು ನೀವು ಹೇಳಬಹುದು. ಬೆಂಗಳೂರಿನಿಂದ ಬರುವ ಅಧಿಕಾರಿಗಳೂ ಮೊದಲು ಅದನ್ನೇ ಹೇಳುತ್ತಾರೆ. ಕೂದಲಿಗಿಂತ ತೆಳ್ಳಗಿನ ಎಳೆಯನ್ನು ರಬ್ಬರ್ ಕೈಗವಸು ಹಾಕಿಕೊಂಡು ಹಿಡಿಯಲು ನೀವೇ ಒಮ್ಮೆ ಪ್ರಯತ್ನಿಸಿ. ಆಗುವುದಿಲ್ಲ. ಆದ್ದರಿಂದಲೇ ಸುರಕ್ಷತೆಯ ಶಾಸ್ತ್ರದಲ್ಲಿ ಕೈಗವಸು, ಮುಖಗವಸುಗಳಿಗೆ ಕೊನೆಯ ಸ್ಥಾನ. ಮೊದಲು ಅಪಾಯವನ್ನೇ ತೆಗೆಯಲು ಸಾಧ್ಯವೇ ನೋಡಬೇಕು. ಗೂಡು ಬೇಯಿಸುವ ಪಾತ್ರೆಯನ್ನೂ ನೂಲು ತೆಗೆಯುವ ಬೇಸಿನ್ನನ್ನೂ ಬೇರೆ ಮಾಡಿದರೆ ಬೆರಳು ಕುದಿನೀರಿಗೆ ಹೋಗಬೇಕಾಗಿಲ್ಲ, ಉಗುರು ಬೆಚ್ಚಗಿನ ನೀರಿಗೆ ಹೋದರೆ ಸಾಕು. ಚರಕದಿಂದ ಕಾಟೇಜ್ ಬೇಸಿನ್, ಮಲ್ಟಿ ಎಂಡ್ ಯಂತ್ರಗಳಿಗೆ ಬದಲಾದವರು ಇದನ್ನು ಕಂಡಿದ್ದಾರೆ. ಬೇಯಿಸುವ ಕಡೆ ಉದ್ದ ಹಿಡಿಯ ಜಾಲರಿ ಸೌಟು, ಎಳೆಯ ತುದಿ ಹುಡುಕಲು ಕುಂಚ. ಒಲೆಯ ಹೊಗೆ ಮಾಡಿನ ಮೇಲೆ ಹೋಗುವಂತೆ ಕೊಳವೆ, ಆವಿ ಹೊರಗೆಳೆಯಲು ಎದುರು ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್. ಬಿಚ್ಚಿ ಉಳಿದ ಹುಳವನ್ನು ಸಂಜೆಯವರೆಗೆ ಕಾಲ ಬಳಿ ಗುಡ್ಡೆ ಹಾಕದೆ ಆಗಾಗ ಹೊರಗೆ ಸಾಗಿಸುವುದು. ಇಷ್ಟಕ್ಕೆ ವಿದೇಶದ ತಜ್ಞರು ಬೇಕಾಗಿಲ್ಲ.

ನಮ್ಮ ಕಸುಬಿನಲ್ಲಿ ನೀರಿಗಿಂತ ಬೇಗ ಕೊಲ್ಲುವುದು ವಿದ್ಯುತ್ತು. ನೆಲ ಯಾವಾಗಲೂ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ, ಮೋಟಾರಿನ ವೈರಿಗೆ ಪ್ಲಾಸ್ಟಿಕ್ ಕಾಗದ ಸುತ್ತಿರುತ್ತದೆ. ಮುಖ್ಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ ಹಾಕಿಸಿ. ಹಳೆಯ ಎಲೆಕ್ಟ್ರಿಷಿಯನ್‌ಗಳು ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಅದು ಪದೇ ಪದೇ ಬೀಳುತ್ತದೆ ಎಂದು ತೆಗೆಸಿ ಹಾಕಿದ ಮಾಲೀಕರನ್ನು ನಾನು ನೋಡಿದ್ದೇನೆ. ಬೀಳುವುದು ಅದರ ತಪ್ಪಲ್ಲ, ನಿಮ್ಮ ವೈರಿನ ದೂರು ಅದು.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಊರಿನ ಹೆಸರು ಹೇಳುವುದಿಲ್ಲ. ಒಂದು ಹುರಿ ಘಟಕಕ್ಕೆ ನನ್ನನ್ನು ಪರಿಚಯದವರೊಬ್ಬರು ಕರೆದುಕೊಂಡು ಹೋಗಿದ್ದರು. ಅಲ್ಲಿಗೆ ನಾನು ಹೋಗುವ ಹದಿನೈದು ದಿನದ ಹಿಂದೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ದುಪಟ್ಟಾ ತಿರುಗುವ ಶಾಫ್ಟಿಗೆ ಸಿಕ್ಕಿತ್ತು. ಕುತ್ತಿಗೆ ಬಿಗಿಯಿತು, ಕೂದಲೂ ಸುತ್ತಿಕೊಂಡಿತು. ಯಂತ್ರ ನಿಲ್ಲಿಸುವ ಸ್ವಿಚ್ಚು ಎದುರು ಗೋಡೆಯ ಮೇಲೆ. ಅಲ್ಲಿಗೆ ಓಡಬೇಕಾದರೆ ಯಂತ್ರವನ್ನು ಸುತ್ತಿ ಹೋಗಬೇಕು, ದಾರಿಯಲ್ಲಿ ಬಾಬಿನ್ ತುಂಬಿದ ಬುಟ್ಟಿಗಳು. ಪಕ್ಕದಲ್ಲಿದ್ದ ಹೆಂಗಸು ಓಡಲಿಲ್ಲ. ನೂಲು ಕತ್ತರಿಸುವ ಕತ್ತರಿಯಿಂದ ದುಪಟ್ಟಾ ಕತ್ತರಿಸಿದಳು. ಹುಡುಗಿ ಉಳಿದಳು. ತಲೆಯ ಒಂದು ಭಾಗದ ಚರ್ಮ ಹೋಗಿತ್ತು.

ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ಕೊಟ್ಟಿದ್ದರು. ಆದರೆ ಅವರು ನನಗೆ ಹೇಳಿದ ಮೊದಲ ಮಾತು, "ಅವಳೇ ದುಪಟ್ಟಾ ಸರಿಯಾಗಿ ಕಟ್ಟಿಕೊಂಡಿರಲಿಲ್ಲ ಸಾರ್." ಶಾಫ್ಟಿನ ಮೇಲೆ ಕವಚ ಇರಲಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವನು ಒಂದು ಮಧ್ಯಾಹ್ನದಲ್ಲಿ ಜಾಲರಿ ತಗಡಿನ ಕವಚ ಮಾಡಿಕೊಟ್ಟ. ನಾನೇ ಎದುರಿಗೆ ನಿಂತು ಮಾಡಿಸಿದೆ. ಆ ಮಧ್ಯಾಹ್ನ ಹದಿನೈದು ದಿನ ಮೊದಲು ಬಂದಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ನಮ್ಮ ಹೆಣ್ಣುಮಕ್ಕಳು ದುಪಟ್ಟಾ ಹಾಕಿಕೊಂಡೇ ಕೆಲಸ ಮಾಡುತ್ತಾರೆ. ಸೀರೆಯ ಸೆರಗಿಗೂ ಬುರ್ಖಾದ ತೋಳಿಗೂ ಇದೇ ಅಪಾಯ. ಉಡುಪನ್ನು ದೂರಿ ಪ್ರಯೋಜನವಿಲ್ಲ. ತಲೆಗೆ ಬಿಗಿಯಾಗಿ ಕಟ್ಟಿ ತುದಿಯನ್ನು ಒಳಗೆ ಸೇರಿಸಿಕೊಳ್ಳುವ ಸಣ್ಣ ವಸ್ತ್ರ, ತೋಳು ಕಟ್ಟುವ ಏಪ್ರನ್ ಕೊಡಿ. ಎಲ್ಲಕ್ಕೂ ಮೊದಲು ಯಂತ್ರಕ್ಕೆ ಬಟ್ಟೆ ಹಾಕಿ.

ಕಾನೂನಿನ ಬಗ್ಗೆ ಎರಡು ಮಾತು. ಕೆಲಸದಿಂದ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂಬ ಕಾಯ್ದೆ ನಮ್ಮಲ್ಲಿ 1923ರಲ್ಲೇ ಬಂತು. ಆ ಹೊಣೆಗೆ ಮಾಲೀಕನ ತಪ್ಪು ಸಾಬೀತಾಗಬೇಕಾಗಿಲ್ಲ. ಪರಿಹಾರಕ್ಕೆ ಅರ್ಹವಾದ ವೃತ್ತಿಜನ್ಯ ರೋಗಗಳ ಪಟ್ಟಿಯಲ್ಲಿ ಕೆಲಸದಿಂದ ಬರುವ ಆಸ್ತಮಾವೂ ಇದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ಇಂಥ ಹಳೆಯ ಕಾಯ್ದೆಗಳನ್ನು ಅವುಗಳಲ್ಲಿ ಸೇರಿಸಿತು. ಇದರಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಜಾಗದಲ್ಲಿ 10 ಜನರಿದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ನಮ್ಮ ರಾಮನಗರ, ಶಿಡ್ಲಘಟ್ಟದ ಎಷ್ಟೋ ಘಟಕಗಳಲ್ಲಿ ಆರು, ಎಂಟು, ಹನ್ನೆರಡು ಜನ ಇರುತ್ತಾರೆ. ಅವುಗಳನ್ನು ಕಾರ್ಖಾನೆ ಎಂದು ನೋಡಲು ಯಾರೂ ಬರಲಿಕ್ಕಿಲ್ಲ. ಇದನ್ನು ಕೇಳಿ ಕೆಲವರಿಗೆ ಸಮಾಧಾನವಾಗಬಹುದು. ನನಗೆ ಭಯವಾಗುತ್ತದೆ. ಶಾಫ್ಟಿಗೆ ಎಣಿಸಲು ಬರುವುದಿಲ್ಲ.

ಮಕ್ಕಳ ವಿಷಯದಲ್ಲಿ ಮಾತ್ರ ಇಂಥ ಲೆಕ್ಕವಿಲ್ಲ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ದುಡಿಮೆಯ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿದಾಗ ನಮ್ಮವರಲ್ಲಿ ಹಲವರು ಸಿಟ್ಟಾದರು. ಸಿಟ್ಟಾಗುವ ಬದಲು ತಲೆ ತಗ್ಗಿಸಬೇಕಿತ್ತು, ನಾನೂ ಸೇರಿ. ಎಂಟನೆಯ ವಯಸ್ಸಿನಲ್ಲಿ ನಾನೂ ರಾಟೆ ತಿರುಗಿಸಿದವನು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂಬ ವಿನಾಯಿತಿ ಇದೆ. ಅದು ಅಪಾಯವಿಲ್ಲದ ಕೆಲಸಕ್ಕೆ ಮಾತ್ರ.

ತರಬೇತಿ ಎಂದರೆ ಬ್ಯಾನರ್ ಕಟ್ಟಿ, ಅತಿಥಿ ಕರೆದು, ಚಹಾ ಬಿಸ್ಕತ್ತು ಕೊಡುವುದು ಎಂದು ತಿಳಿಯಬೇಡಿ. ಗೋಡೆಯ ಮೇಲೆ ಇಂಗ್ಲಿಷ್ ಪೋಸ್ಟರ್ ಅಂಟಿಸಿ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ನಾನು ನೌಕರಿಯಲ್ಲಿ ಸಾಕಷ್ಟು ಮಾಡಿದ್ದೇನೆ. ಉಪಯೋಗವಾದದ್ದು ಬೇರೆ. ವಾರಕ್ಕೊಮ್ಮೆ, ಕೂಲಿ ಬಟವಾಡೆಯ ದಿನ, ಯಂತ್ರ ನಿಲ್ಲಿಸಿ ಹತ್ತು ನಿಮಿಷ. ಕೆಲಸಗಾರರಿಗೆ ಬರುವ ಭಾಷೆಯಲ್ಲಿ, ಕನ್ನಡವೋ ಉರ್ದುವೋ, ಉತ್ತರದಿಂದ ಬಂದ ಹುಡುಗರಿದ್ದರೆ ಹಿಂದಿಯೋ. ಒಂದು ದಿನಕ್ಕೆ ಒಂದೇ ವಿಷಯ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಮುಖ್ಯ ಸ್ವಿಚ್ಚು ಎಲ್ಲಿದೆ ಮುಟ್ಟಿ ತೋರಿಸಿ ಎನ್ನಿ. ಎಲ್ಲರೂ ನಗುತ್ತಾರೆ, ಎರಡನೆಯ ಸಲ ಕತ್ತಲಲ್ಲೂ ತೋರಿಸುತ್ತಾರೆ. ಇನ್ನೊಂದು ದಿನ ಸುಟ್ಟ ಗಾಯದ ಪಾಠ. ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ, ಮಂಜುಗಡ್ಡೆಯೂ ಬೇಡ. ಬಳೆ, ಉಂಗುರ ಊದುವ ಮೊದಲೇ ತೆಗೆಯಬೇಕು. ಮತ್ತೊಂದು ದಿನ, "ಈ ವಾರ ಯಾರಿಗೆ ಸ್ವಲ್ಪದರಲ್ಲಿ ತಪ್ಪಿತು?" ಎಂದು ಕೇಳಿ. ಜಾರಿದೆ ಆದರೆ ಬೀಳಲಿಲ್ಲ, ಕರೆಂಟು ಜುಮ್ ಎಂದಿತು ಆದರೆ ಏನಾಗಲಿಲ್ಲ, ಇಂಥವು ಹೊರಬರುತ್ತವೆ. ಹೇಳಿದವರನ್ನು ಗದರಿದರೆ ಮುಂದಿನ ವಾರ ಯಾರೂ ಬಾಯಿ ಬಿಡುವುದಿಲ್ಲ.

ಗೊತ್ತಿದ್ದರಷ್ಟೇ ಸಾಲದು ಎನ್ನುವುದಕ್ಕೆ ಬಾಂಗ್ಲಾದೇಶದ ರಾಣಾ ಪ್ಲಾಜಾ ನೋಡಿ. 2013ರ ಏಪ್ರಿಲ್ 23ರಂದು ಆ ಕಟ್ಟಡದ ಬಿರುಕನ್ನು ಎಲ್ಲರೂ ಕಂಡರು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮರುದಿನ ಬೆಳಿಗ್ಗೆ ಮೇಲಿನ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಸಂಬಳ ಕಡಿಯುವ ಬೆದರಿಕೆ ಹಾಕಿ ಒಳಗೆ ಕರೆದರು. ಸತ್ತವರು 1,100ಕ್ಕೂ ಹೆಚ್ಚು. ಆ ಕಾರ್ಮಿಕರಿಗೆ ಅಪಾಯ ಗೊತ್ತಿತ್ತು, ಬೇಡ ಎನ್ನುವ ಶಕ್ತಿ ಇರಲಿಲ್ಲ. ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿ "ಭಾಯ್, ಈ ಬೆಲ್ಟು ಸರಿಯಿಲ್ಲ, ನಾನು ಕೂರುವುದಿಲ್ಲ" ಎಂದರೆ ಆ ದಿನದ ಕೂಲಿ ಅವಳಿಗೆ ಸಿಗುತ್ತದೆಯೇ? ಮಾಲೀಕರಾಗಿ ಇದನ್ನು ಓದುತ್ತಿರುವವರು ತಮ್ಮಷ್ಟಕ್ಕೆ ಉತ್ತರಿಸಿಕೊಳ್ಳಲಿ.

ಕಾರ್ಮಿಕರಾಗಿ ಓದುತ್ತಿರುವವರಿಗೂ ಒಂದು ವಿನಂತಿ. ಕವಚ ತೆಗೆದಿಟ್ಟು ಕೆಲಸ ಬೇಗ ಮುಗಿಸುವುದು ಜಾಣತನವಲ್ಲ. ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ ಹೇಳಿ: ನಾನು ರೇಷ್ಮೆ ಬೇಸಿನ್ ಮುಂದೆ ಇಷ್ಟು ವರ್ಷದಿಂದ ಕೂರುತ್ತೇನೆ, ರಜೆಯಲ್ಲಿ ಕೆಮ್ಮು ಕಡಿಮೆಯಾಗುತ್ತದೆ. ಖಾಲಾ ಈಗಲೂ ಇದ್ದಾರೆ. ಕಳೆದ ಈದ್‌ಗೆ ಹೋದಾಗ ದಿಂಬಿನ ಪಕ್ಕ ಇನ್‌ಹೇಲರ್ ಇತ್ತು. ಸರಿಯಾದ ಔಷಧ ಸಿಕ್ಕಿದ್ದು ಅವರಿಗೆ ಅರವತ್ತು ದಾಟಿದ ಮೇಲೆ.

ಸಂಘದ ಪದಾಧಿಕಾರಿಗಳಲ್ಲಿ ನಾನು ಒಂದು ಕೋರಿಕೆ ಇಟ್ಟಿದ್ದೆ, ಅವರು ಒಪ್ಪಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಶಾಲೆಯ ಸಭಾಂಗಣ ಬೆಳಿಗ್ಗೆ ಎರಡು ಗಂಟೆ ಈ ಕೆಲಸಕ್ಕೆ ಸಿಗುತ್ತದೆ. ಉಸಿರಿನ ಬಲ ಅಳೆಯುವ ಉಪಕರಣದೊಂದಿಗೆ ಒಬ್ಬರು ವೈದ್ಯರು ಬರುತ್ತಾರೆ, ಒಬ್ಬ ಎಲೆಕ್ಟ್ರಿಷಿಯನ್ ಬರುತ್ತಾರೆ, ನಾನಿರುತ್ತೇನೆ. ಹತ್ತನೆಯ ತರಗತಿಯ ಮಕ್ಕಳು ಓದಲು ಬಾರದವರ ಹೆಸರು, ಕೆಲಸದ ವಿವರ ಬರೆದುಕೊಳ್ಳುತ್ತಾರೆ. ಮಾಲೀಕರೇ, ನಿಮ್ಮ ಕೆಲಸಗಾರರನ್ನು ಕರೆದುಕೊಂಡು ನೀವೂ ಬನ್ನಿ. ಆ ಎರಡು ಗಂಟೆಯ ಕೂಲಿಯನ್ನು ಮಾತ್ರ ಕಡಿಯಬೇಡಿ.